ಜನ ಕೈಬಿಟ್ಟ ದೊರೆ

ದೆಹಲಿಯ ಸೈನ್ಯ ಕಂಪ್ಲಿ ಸೀಮೆಗೆ ನುಗ್ಗಿದ್ದು ಒಬ್ಬ ಅತಿಥಿಯ ಬೆನ್ನುಹತ್ತಿ. ಸಗರದ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಷಾಸ್ಪ್ ತನ್ನ ಬಂಧುವೇ ಆದ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಮೇಲೆ ಬಂಡೆದ್ದು, ಸೋತು, ತುಂಗಭದ್ರೆಯ ದಡದ ಕಂಪಿಲರಾಯನ ಮೊರೆಹೊಕ್ಕಿದ್ದ. ರಾಯ ಅವನನ್ನು ಬಿಟ್ಟುಕೊಡಲಿಲ್ಲ. 1327ರ ಹೊತ್ತಿಗೆ ಕುಮ್ಮಟದುರ್ಗ ಬಿತ್ತು, ರಾಯ ಹೋರಾಡುತ್ತಲೇ ಸತ್ತ. ಅರಮನೆಯ ಹೆಂಗಸರು ಬೆಂಕಿಗೆ ಹಾರಿದರೆಂದು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಈ ಭಾಗದ ಹಳ್ಳಿಗಳಲ್ಲಿ ರಾಯನ ಮಗ ಕುಮಾರರಾಮ ಇಂದಿಗೂ ಪೂಜೆಗೊಳ್ಳುವ ವೀರ. ಗೆದ್ದ ಸುಲ್ತಾನನಿಗಾದರೋ ಈ ನೆಲ ದಕ್ಕಲಿಲ್ಲ. ಹತ್ತು ವರ್ಷ ತುಂಬುವ ಮೊದಲೇ, 1336ರಲ್ಲಿ, ಅದೇ ಹೊಳೆಯ ದಡದಲ್ಲಿ ಹೊಸ ರಾಜ್ಯವೊಂದು ತಲೆಯೆತ್ತಿತು. ಮಧುರೆ ಅದಕ್ಕೂ ಮುನ್ನವೇ ಕೈತಪ್ಪಿತ್ತು. 1347ರಲ್ಲಿ ಬಹಮನಿಯೂ ಬೇರೆಯಾಯಿತು.

ತುಘಲಕ್ ದಡ್ಡನಾಗಿರಲಿಲ್ಲ. ತರ್ಕ ಓದಿದವನು, ಒಳ್ಳೆಯ ಅಕ್ಷರ ಬರೆಯುತ್ತಿದ್ದವನು, ವಿದ್ವಾಂಸರ ಜೊತೆ ವಾದಕ್ಕೆ ಕೂರುತ್ತಿದ್ದವನು. ದಕ್ಷಿಣವನ್ನೂ ಆಳಬೇಕಾದ ದೊರೆಗೆ ದೌಲತಾಬಾದಿನಲ್ಲಿ ರಾಜಧಾನಿ ಬೇಕೆನಿಸಿದ್ದರಲ್ಲಿ ಹುಚ್ಚೇನೂ ಇಲ್ಲ. ಬೆಳ್ಳಿ ಸಾಲದಿದ್ದಾಗ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟುವುದೂ ಹಾಗೆಯೇ. ಚೀನಾದಲ್ಲಿ ಆಗಲೇ ಕಾಗದದ ಹಣ ಓಡಾಡುತ್ತಿತ್ತು. ಕೆಟ್ಟದ್ದು ಆಜ್ಞೆಗಳು ಬಂದ ರೀತಿ, ಹೋದ ರೀತಿ. ಊರು ಬಿಡಿ ಎಂದವನು ಕೆಲವೇ ವರ್ಷಗಳಲ್ಲಿ ಮರಳಿ ಬನ್ನಿ ಎಂದ. ನಾಣ್ಯ ಚಲಾವಣೆಗೆ ಬಂತು, ಮನೆಮನೆಯಲ್ಲೂ ಖೋಟಾ ನಾಣ್ಯ ಟಂಕಿಸುವುದು ಶುರುವಾಯಿತು, ಆಮೇಲೆ ಖಜಾನೆಯೇ ಬೆಳ್ಳಿ ಕೊಟ್ಟು ಆ ತಾಮ್ರವನ್ನೆಲ್ಲ ಹಿಂದಕ್ಕೆ ಪಡೆಯಿತು. 1334ರ ಸುಮಾರಿಗೆ ದೆಹಲಿ ಸೇರಿ ಅವನ ಕೈಕೆಳಗೆ ಖಾಜಿಯಾಗಿದ್ದ ಇಬ್ನ್ ಬತೂತನನ್ನು ಕಾಡಿದ್ದೂ ಇದೇ: ಆ ಅರಮನೆಯ ಬಾಗಿಲಲ್ಲಿ ಒಬ್ಬ ಬಡವನಿಗೆ ಸಂಪತ್ತು ಸಿಗುತ್ತಿರುತ್ತದೆ, ಇಲ್ಲವೇ ಒಬ್ಬನ ಪ್ರಾಣ ಹೋಗುತ್ತಿರುತ್ತದೆ. ಯಾವ ದಿನ ಯಾವುದು ಎಂಬುದು ಯಾರಿಗೂ ತಿಳಿಯದು. 1964ರಲ್ಲಿ ಗಿರೀಶ ಕಾರ್ನಾಡರು ಈ ದೊರೆಯನ್ನು ನಾಟಕಕ್ಕೆ ತಂದಾಗ, ಆರುನೂರು ವರ್ಷ ಹಿಂದಿನ ಆ ಮನುಷ್ಯನನ್ನು ಗುರುತಿಸಲು ಕನ್ನಡದ ಪ್ರೇಕ್ಷಕರಿಗೆ ಕಷ್ಟವಾಗಲಿಲ್ಲ.

ನಾಯಕನೊಬ್ಬನ ಜನಪ್ರಿಯತೆ ಕುಸಿಯುವುದು ಯಾತಕ್ಕೆ? ತೆರಿಗೆ ಏರಿಸಿದ್ದಕ್ಕೆ, ಕಠಿಣ ತೀರ್ಮಾನ ಕೈಗೊಂಡಿದ್ದಕ್ಕೆ ಎಂಬ ಉತ್ತರ ಸುಲಭ. ಕಂಪ್ಲಿ, ಹಂಪಿ, ಸಂಡೂರಿನ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಜನ ಕಷ್ಟ ಸಹಿಸುತ್ತಾರೆ, ಕಠಿಣ ದೊರೆಯನ್ನೂ ಸಹಿಸುತ್ತಾರೆ. ಇಂದಿನ ಮಾತು ನಾಳೆಗೆ ಉಳಿಯದ ದೊರೆಯ ಕೆಳಗೆ ಬದುಕನ್ನು ಹೂಡಿಕೊಳ್ಳಲು ಅವರಿಗೆ ಆಗುವುದಿಲ್ಲ.

ಕಂಪ್ಲಿಯ ಭತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ, ಕಾಲುವೆಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನೀರು ಎಂದು ತೀರ್ಮಾನಿಸುವವರೆಗೂ ಅವರ ಲೆಕ್ಕಾಚಾರ ತಡೆಹಿಡಿದಿರುತ್ತದೆ. ಸಸಿಮಡಿ, ಗೊಬ್ಬರ, ನಾಟಿಯ ಆಳು, ಕೈಸಾಲ ಎಲ್ಲವೂ ಆ ತಾರೀಖಿಗೆ ಕಟ್ಟುಬಿದ್ದವು. ಎರಡನೇ ಬೆಳೆಗೆ ನೀರಿಲ್ಲ ಎಂದರೆ ನಷ್ಟ ನಿಜ, ಆದರೂ ಜೋಳವನ್ನೋ ಕಡಲೆಯನ್ನೋ ಬಿತ್ತಬಹುದು. ಕೊಡುತ್ತೇವೆ ಎಂದು ಸಸಿ ಹಾಕಿಸಿ ಕೈಯೆತ್ತಿದರೆ ಏನು ಮಾಡುವುದು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟಿಗೆ ಅಂಥದೇ ದಿಗಿಲು ಹಿಡಿದಿತ್ತು. ಹರಿಯುವ ಪ್ರವಾಹದಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದನ್ನು ಆ ರೈತರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಶ್ರೀಲಂಕಾದ ರೈತರಿಗೆ ಅಂಥ ಆಸರೆ ಸಿಗಲಿಲ್ಲ. ಗೋಟಬಯ ರಾಜಪಕ್ಸ 2019ರ ನವೆಂಬರಿನಲ್ಲಿ ಶೇ. 52ರಷ್ಟು ಮತ ಪಡೆದು ಅಧ್ಯಕ್ಷರಾದವರು. 2021ರ ಏಪ್ರಿಲ್‌ನಲ್ಲಿ, ದೇಶವೆಲ್ಲ ಸಾವಯವ ಕೃಷಿಗೆ ಹೊರಳಬೇಕೆಂದು ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿಬಿಟ್ಟರು. ಪೂರ್ವಸಿದ್ಧತೆ ಇರಲಿಲ್ಲ, ಬದಲಿ ಗೊಬ್ಬರವೂ ಇರಲಿಲ್ಲ. ಭತ್ತದ ಇಳುವರಿ ಕುಸಿಯಿತು, ಚಹಾ ತೋಟಗಳು ಬಡವಾದವು. ನವೆಂಬರಿನಲ್ಲಿ ನಿಷೇಧ ಸಡಿಲಿಸಿದರಾದರೂ ಒಂದು ಹಂಗಾಮು ಕೈಬಿಟ್ಟುಹೋಗಿತ್ತು. ಅಷ್ಟರಲ್ಲಿ ವಿದೇಶಿ ವಿನಿಮಯವೂ ಬರಿದಾಗಿ, ಪೆಟ್ರೋಲಿಗೆ ಮೈಲುಗಟ್ಟಲೆ ಸಾಲು ನಿಂತಿತು. 2022ರ ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು; ಅವರು ಮಾಲ್ಡೀವ್ಸ್ ದಾಟಿ ಸಿಂಗಪುರ ಸೇರಿ ಅಲ್ಲಿಂದ ರಾಜೀನಾಮೆ ಕಳಿಸಿದರು. ಸಾವಯವ ಕೃಷಿ ಕೆಟ್ಟದ್ದಲ್ಲ, ತಾಮ್ರದ ನಾಣ್ಯವೂ ಕೆಟ್ಟದ್ದಾಗಿರಲಿಲ್ಲ. ರೈತನನ್ನು ಕೇಳದೆ ರೈತನ ಹೊಲದ ಮೇಲೆ ಪ್ರಯೋಗ ಮಾಡುವ ಧಾಷ್ಟ್ಯ ಕೆಟ್ಟದ್ದು.

ಹಂಪಿಯಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು.

1542ರಲ್ಲಿ ವಿಜಯನಗರದ ದೊರೆ ಅಚ್ಯುತದೇವರಾಯ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ವೆಂಕಟ ಇನ್ನೂ ಹುಡುಗ. ರಾಜ್ಯಭಾರ ಹುಡುಗನ ಸೋದರಮಾವ ಸಲಕರಾಜ ತಿರುಮಲನ ಕೈಗೆ ಬಂತು. ಸಲಕರಾಜರದು ರಾಣಿಯ ತವರುಮನೆ. ಮಾತಂಗ ಬೆಟ್ಟದ ಬುಡದಲ್ಲಿ ಇಂದು ಅಚ್ಯುತರಾಯನ ಗುಡಿ ಎಂದು ಕರೆಸಿಕೊಳ್ಳುವ ತಿರುವೆಂಗಳನಾಥನ ದೇವಾಲಯವನ್ನು 1534ರಲ್ಲಿ ಕಟ್ಟಿಸಿದ್ದು ಅದೇ ಮನೆತನದ ಹಿರಿಯ ತಿರುಮಲರಾಜ. ಆ ಮನೆಯವನೇ ಹೀಗೆ ಮಾಡುತ್ತಾನೆಂದು ಯಾರೂ ಎಣಿಸಿರಲಾರರು. ಹೆತ್ತ ತಾಯಿಗೆ ಮಾತ್ರ ಅಣ್ಣತಮ್ಮಂದಿರ ಮೇಲೆ ನಂಬಿಕೆ ಉಳಿದಿರಲಿಲ್ಲ. ಮಗನನ್ನು ಕಾಯಲು ಆಕೆ ಬಿಜಾಪುರದ ಇಬ್ರಾಹಿಂ ಆದಿಲಶಾಹನಿಗೆ ಮೊರೆಯಿಟ್ಟಳು. ತಿರುಮಲ ಹಣ ಸುರಿದು ಅವನನ್ನು ಹಿಂದಕ್ಕೆ ಕಳಿಸಿದ. ಮುಂದೆ ಹುಡುಗನನ್ನೂ ಕೊಲ್ಲಿಸಿ ತಾನೇ ಸಿಂಹಾಸನ ಏರಿದ.

ಇತಿಹಾಸಕಾರ ಫೆರಿಶ್ತಾ ಬರೆಯುವ ಪ್ರಕಾರ, ನಾಯಕರು ತಿರುಗಿಬಿದ್ದಾಗ ತಿರುಮಲ ಕರೆದದ್ದು ಅದೇ ಬಿಜಾಪುರದ ಸುಲ್ತಾನನನ್ನು. ಏಳು ದಿನ ಅವನಿಗೆ ಔತಣ ನಡೆಯಿತು, ಐವತ್ತು ಲಕ್ಷ ಹೊನ್ನು ಸಂದಿತು. ಸುಲ್ತಾನ ಬೆನ್ನು ತಿರುಗಿಸಿದ ಮೇಲೆ ಅಳಿಯ ರಾಮರಾಯನ ಸೈನ್ಯ ರಾಜಧಾನಿಯತ್ತ ನಡೆಯಿತು. ಬಾಗಿಲು ಕಾಯಬೇಕಾದವರು ಕೈಬಿಟ್ಟರು. ಆಗ ತಿರುಮಲ ಅರಮನೆಯಲ್ಲಿ ಕದವಿಕ್ಕಿಕೊಂಡು ಲಾಯದ ಆನೆಗಳ ಕಣ್ಣು ಕೀಳಿಸಿದ, ಕುದುರೆಗಳ ಬಾಲ ಕತ್ತರಿಸಿದ, ತಲೆಮಾರುಗಳಿಂದ ಕೂಡಿಟ್ಟ ವಜ್ರ, ಮಾಣಿಕ್ಯ, ಮುತ್ತುಗಳನ್ನು ಬೀಸುವ ಕಲ್ಲಿಗೆ ಹಾಕಿಸಿ ಪುಡಿಮಾಡಿ ಚೆಲ್ಲಿದ. ಕೊನೆಗೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ಫೆರಿಶ್ತಾ ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ ಕುಳಿತು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಬಣ್ಣ ಕಟ್ಟಿರಲೂಬಹುದು. ಬಣ್ಣ ತೆಗೆದರೂ ಕಥೆಯ ಎಲುಬು ಉಳಿಯುತ್ತದೆ: ಮಗುವನ್ನು ಕೊಂದ ಮಾವ, ಬೇಸತ್ತ ನಾಯಕರು, ಹೊರಗಿನ ಶತ್ರುವಿಗೆ ಒಳಗಿನವರೇ ತೋರಿಸಿಕೊಟ್ಟ ದಾರಿ.

ಆನೆಗಳ ಆ ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. ಆ ಆನೆಗಳು ತಿರುಮಲನವಲ್ಲ, ವಜ್ರಗಳೂ ಅವನವಲ್ಲ. ನನಗಿಲ್ಲದ್ದು ನಾಡಿಗೂ ಬೇಡ ಎಂಬ ಬುದ್ಧಿ ಅದು. ಜನರ ಒಪ್ಪಿಗೆ ಕಳೆದುಕೊಂಡ ಆಳುವವನಿಂದ ನಿಜವಾದ ಅಪಾಯ ಹುಟ್ಟುವುದು ಈ ಘಟ್ಟದಲ್ಲಿ. ಕುಸಿತ ತಾನಾಗಿ ಯಾವ ಊರನ್ನೂ ಹಾಳುಮಾಡುವುದಿಲ್ಲ. ಇಳಿದುಹೋಗಲು ಮೆಟ್ಟಿಲಿಲ್ಲದ ಸಿಂಹಾಸನದ ಮೇಲೆ ಕುಸಿದವನು ಊರನ್ನು ಹಾಳುಮಾಡಬಲ್ಲ. ಸಂಗಮ ವಂಶದ ಕೊನೆಯಲ್ಲೂ ಹೀಗೇ ಆಗಿತ್ತು. ವಿರೂಪಾಕ್ಷರಾಯನ ಕಾಲದಲ್ಲಿ ಗೋವೆ ಕೈಬಿಟ್ಟು, ಅವನನ್ನು ಮಗನೇ ಕೊಂದು, 1485ರಲ್ಲಿ ಸಾಳುವ ನರಸಿಂಹನ ದಂಡನಾಯಕ ಅರಮನೆಗೆ ಬಂದಾಗ ಒಂದೊಂದು ಬಾಗಿಲಲ್ಲೂ ತಡೆಯುವವರೇ ಇರಲಿಲ್ಲವೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಆಗ ಪಟ್ಟದಲ್ಲಿದ್ದ ದೊರೆಗೆ ಸುದ್ದಿ ಮುಟ್ಟಿದರೂ ಅವನು ಕಿವಿಗೊಡಲಿಲ್ಲವಂತೆ. ಜನಮತ ಅಳೆಯುವ ಸಮೀಕ್ಷೆಗಳಿಲ್ಲದ ಕಾಲದಲ್ಲಿ ಕಾವಲಿಲ್ಲದ ಬಾಗಿಲೇ ಸಮೀಕ್ಷೆ.

ತಿರುಮಲನ ನಂತರ ಸದಾಶಿವರಾಯನಿಗೆ ಪಟ್ಟವಾಯಿತು, ಅಧಿಕಾರವೆಲ್ಲ ರಾಮರಾಯನಲ್ಲಿ ಉಳಿಯಿತು. ಜನರ ಕಣ್ಣಲ್ಲಿ ಅವನು ಊರು ಉಳಿಸಿದವನು. ಆದರೆ ಅವನನ್ನು ಕೇಳುವವರೂ ಯಾರೂ ಇರಲಿಲ್ಲ. ಇಂದು ಒಬ್ಬ ಸುಲ್ತಾನನ ಜೊತೆ, ನಾಳೆ ಇನ್ನೊಬ್ಬನ ಜೊತೆ ಎಂದು ಇಪ್ಪತ್ತು ವರ್ಷ ಆಡಿದ ಆಟ 1565ರ ಜನವರಿಯಲ್ಲಿ ರಕ್ಕಸ-ತಂಗಡಗಿಯಲ್ಲಿ ಮುಗಿಯಿತು.

ಇಳಿಯುವ ಮೆಟ್ಟಿಲಿದ್ದರೆ ಏನಾಗುತ್ತದೆಂದು ದಕ್ಷಿಣ ಕೊರಿಯಾ ಈಚೆಗೆ ತೋರಿಸಿತು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಕಾಣಿಸಿಕೊಂಡು ಸೇನಾಡಳಿತ ಘೋಷಿಸಿದರು. ಸೈನಿಕರು ಸಂಸತ್ತಿನ ಒಳಗೆ ಬಂದರು. ಸದಸ್ಯರು ಗೋಡೆ ಹತ್ತಿ ಒಳಗೆ ಸೇರಿದರು. ಹಾಜರಿದ್ದ 190 ಮಂದಿಯೂ ಘೋಷಣೆಯ ವಿರುದ್ಧ ಮತ ಹಾಕಿದರು. ಬೆಳಗಾಗುವುದರೊಳಗೆ ಆಜ್ಞೆ ಬಿದ್ದುಹೋಯಿತು. ಅದಾಗಿ ಹನ್ನೊಂದನೇ ದಿನಕ್ಕೆ ಸಂಸತ್ತು ಮಹಾಭಿಯೋಗಕ್ಕೆ ಮತ ಹಾಕಿತು, 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಅವರನ್ನು ಕೆಳಗಿಳಿಸಿತು. ಯಾವ ಆನೆಯ ಕಣ್ಣೂ ಹೋಗಲಿಲ್ಲ.

ಹಾಗೆಂದು ಜನಪ್ರಿಯತೆಯ ಅಂಕಿಯನ್ನೇ ತಕ್ಕಡಿ ಮಾಡಿಕೊಳ್ಳುವುದೂ ತಪ್ಪು. ಗ್ಯಾಲಪ್ ಸಮೀಕ್ಷೆಯಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ 1952ರಲ್ಲಿ ಶೇ. 22ಕ್ಕೆ ಇಳಿದಿದ್ದರು, ಯುದ್ಧ ವಿಸ್ತರಿಸಬೇಕೆಂದಿದ್ದ ಜನಪ್ರಿಯ ಸೇನಾನಿ ಮೆಕಾರ್ಥರ್‌ರನ್ನು ತೆಗೆದುಹಾಕಿದ್ದಕ್ಕೆ ಬಂದ ಸಿಟ್ಟೂ ಅದರಲ್ಲಿ ಸೇರಿತ್ತು. ಮುಂದಿನ ಇತಿಹಾಸಕಾರರು ಅವರನ್ನು ಒಳ್ಳೆಯ ಅಧ್ಯಕ್ಷರ ಸಾಲಿನಲ್ಲೇ ಕೂರಿಸಿದರು. ಕರ್ನಾಟಕದಲ್ಲಿ ದೇವರಾಜ ಅರಸರು 1974ರ ಭೂಸುಧಾರಣೆಯಿಂದ ಭೂಮಾಲೀಕರ ದ್ವೇಷ ಕಟ್ಟಿಕೊಂಡರು. 1980ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಜ್ಯದಲ್ಲಿ ಒಂದು ಸ್ಥಾನವೂ ಬರಲಿಲ್ಲ. ಅವರ ಕಾಲದಲ್ಲಿ ಉಳುವ ಹೊಲದ ಪಹಣಿ ಪಡೆದ ಗೇಣಿದಾರನ ಮನೆಯಲ್ಲಿ ಅವರ ಫೋಟೊ ಮಾತ್ರ ಇಳಿಯಲಿಲ್ಲ. ಜನ ಒಪ್ಪದ ಕೆಲಸವನ್ನು ಗಟ್ಟಿಮನಸ್ಸಿನಿಂದ ಮಾಡಿದವನನ್ನೂ ದಿನಕ್ಕೊಂದು ಮಾತಾಡುವವನನ್ನೂ ಒಂದೇ ಅಂಕಿ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ.

ಸಂಡೂರಿಗೆ ಬಂದರೆ ಈ ಪ್ರಶ್ನೆ ಕೆಂಪು ಧೂಳಿನ ಬಣ್ಣ ಪಡೆಯುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಚೀನಾದ ಉಕ್ಕಿನ ಹಸಿವಿನಿಂದ ಅದಿರಿನ ಬೆಲೆ ಏರಿ, ಬೆಟ್ಟ ಬೆಟ್ಟವೇ ಲಾರಿ ಹತ್ತಿ ಬಂದರಿಗೆ ಹೋಯಿತು. 2008ರಲ್ಲಿ 224ರಲ್ಲಿ 110 ಸ್ಥಾನ ಗೆದ್ದು ಬಿ.ಎಸ್. ಯಡಿಯೂರಪ್ಪನವರು ದಕ್ಷಿಣದ ಮೊದಲ ಬಿಜೆಪಿ ಸರ್ಕಾರ ರಚಿಸಿದಾಗ ಜನರಲ್ಲಿ ಉತ್ಸಾಹವಿತ್ತು. ರೈತ ಹೋರಾಟದಿಂದ ಬಂದವರು ಎಂಬ ಅಭಿಮಾನವಿತ್ತು. 2009ರ ನವೆಂಬರಿನಲ್ಲಿ ಬಳ್ಳಾರಿಯ ಗಣಿಧಣಿಗಳಾದ ರೆಡ್ಡಿ ಸಹೋದರರು ಅವರ ವಿರುದ್ಧ ಬಂಡೆದ್ದರು. ಮುಖ್ಯಮಂತ್ರಿ ಟಿವಿಯ ಮುಂದೆ ಕಣ್ಣೀರಿಟ್ಟರು, ಆಪ್ತ ಸಚಿವೆಯನ್ನು ಸಂಪುಟದಿಂದ ಕೈಬಿಟ್ಟರು, ಮರುವರ್ಷ ಮತ್ತೆ ಸೇರಿಸಿಕೊಂಡರು. 2010ರ ಅಕ್ಟೋಬರಿನಲ್ಲಿ ಹದಿನಾರು ಶಾಸಕರನ್ನು ಅನರ್ಹಗೊಳಿಸಿ, ನಾಲ್ಕೇ ದಿನದಲ್ಲಿ ಎರಡು ಬಾರಿ ವಿಶ್ವಾಸಮತ ಕೇಳಬೇಕಾಯಿತು. ಎರಡನೆಯದರಲ್ಲಿ 106ಕ್ಕೆ 100. ಆ ಅನರ್ಹತೆಯನ್ನು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು.

ವಿಧಾನಸೌಧದ ಆ 106 ಎಂಬ ಅಂಕಿ ಜನರ ವಿಶ್ವಾಸವನ್ನು ಅಳೆಯಲಿಲ್ಲ; ರೆಸಾರ್ಟ್‌ಗಳಲ್ಲಿ ಕೂಡಿಹಾಕಿದ ತಲೆಗಳನ್ನು ಎಣಿಸಿತು. ಜನರ ಮನಸ್ಸಿನ ಸುಳಿವು ಸಿಕ್ಕಿದ್ದು ರಸ್ತೆಯಲ್ಲಿ. 2010ರ ಜುಲೈ 25ರಿಂದ ಆಗಸ್ಟ್ 9ರವರೆಗೆ ಅಕ್ರಮ ಗಣಿಗಾರಿಕೆಯನ್ನು ವಿರೋಧಿಸಿ ಸಿದ್ದರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದಾಗ ಊರೂರಿನಲ್ಲಿ ಸೇರಿದ ಜನ ಬರೇ ಪಕ್ಷದವರಾಗಿರಲಿಲ್ಲ. 2011ರ ಜುಲೈ 27ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ವರದಿ ಕೊಟ್ಟರು. 2006ರಿಂದ 2010ರವರೆಗೆ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂಬುದು ಅದರ ಲೆಕ್ಕ. ಎರಡು ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಜುಲೈ 31ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮುಂದಿನ ಎರಡು ವರ್ಷಕ್ಕೆ ಇಬ್ಬರು ಮುಖ್ಯಮಂತ್ರಿಗಳು. 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು.

ಈ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಗಣಿ ಕಂಪನಿಗಳಿಂದ ಲಾಭ ಪಡೆದರೆಂಬ ಮೊಕದ್ದಮೆಯಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪನವರನ್ನು ಖುಲಾಸೆಗೊಳಿಸಿತು. 2018ರಲ್ಲಿ ಅವರ ಮುಂದಾಳತನದಲ್ಲಿ ಪಕ್ಷ 104 ಸ್ಥಾನ ಗೆದ್ದಿತು, 2019ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು. ಮತಪೆಟ್ಟಿಗೆಯ ಈ ಗುಣವನ್ನು ಪ್ರೀತಿಯಿಂದಲೇ ನೆನೆಯಬೇಕು. ಅದು ಇಳಿಸಿದವನನ್ನು ಕೊಲ್ಲುವುದಿಲ್ಲ. ಮರಳಿ ಬಂದು ಇನ್ನೊಮ್ಮೆ ಕೇಳಿ ನೋಡು ಎನ್ನುತ್ತದೆ. ಮರಳುವ ದಾರಿ ಇದೆಯೆಂದು ಗೊತ್ತಿದ್ದವನು ಖಜಾನೆಯನ್ನು ಬೀಸುವ ಕಲ್ಲಿಗೆ ಹಾಕಲಾರ.

ಆದರೆ ನಾಯಕರಿಗೆ ಸಿಕ್ಕ ಈ ಎರಡನೇ ಅವಕಾಶ ಸಂಡೂರಿನ ಹಳ್ಳಿಗಳಿಗೆ ಸಿಕ್ಕಿತೇ? ಗಣಿ ಓಡುವಾಗ ಅಲ್ಲಿನವರು ಧೂಳು ಕುಡಿದರು, ನಿಂತಾಗ ಸಾಲ ಮಾಡಿ ಕೊಂಡ ಲಾರಿಗಳ ಕಂತು ಕಟ್ಟಲಾಗದೆ ಕೂತರು. ಹಾಳಾದ ನೆಲ, ಕೆರೆ, ಶಾಲೆ, ಆಸ್ಪತ್ರೆಗಳನ್ನು ಸರಿಪಡಿಸಲೆಂದೇ ಗಣಿ ಹಣದಿಂದ ನಿಧಿ ಕೂಡಿತು. 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ದೊರೆತು, ಕೆಲಸದ ಮೇಲೆ ಕಣ್ಣಿಡಲು ನಿವೃತ್ತ ನ್ಯಾಯಮೂರ್ತಿಯೊಬ್ಬರು ನೇಮಕವಾಗುವ ಹೊತ್ತಿಗೆ 2022 ಬಂದಿತ್ತು. ಈ ನಡುವೆ ಸದಾನಂದಗೌಡ, ಶೆಟ್ಟರ್, ಸಿದ್ದರಾಮಯ್ಯ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಬೊಮ್ಮಾಯಿ ಹೀಗೆ ಆರು ಜನ ಆ ಕುರ್ಚಿಯಲ್ಲಿ ಕುಳಿತರು. 2011ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಆ ವೇಳೆಗೆ ಎಸ್ಸೆಸ್ಸೆಲ್ಸಿ ಮುಗಿಸಿತ್ತು. ಯಾವ ಹಳ್ಳಿಗೆ ಯಾವ ಕೆಲಸ, ಎಷ್ಟು ಹಣ, ಎಂದು ಮುಗಿಯುತ್ತದೆ ಎಂಬುದನ್ನು ಪಂಚಾಯಿತಿ ಕಟ್ಟೆಯ ಗೋಡೆಗೆ ಬರೆಸಿ, ಸರ್ಕಾರ ಬದಲಾದರೂ ಆ ತಾರೀಖು ಬದಲಾಗದಂತೆ ನೋಡಿಕೊಳ್ಳಿ ಎಂದು ಮುಂದಿನ ಬಾರಿ ಮತ ಕೇಳಲು ಬರುವವರ ಮುಂದೆ ಸಂಡೂರಿನ ಮತದಾರರು ಪಟ್ಟುಹಿಡಿಯಬೇಕು. ಆ ಹಣ ಅವರ ಬೆಟ್ಟದಿಂದ ಬಂದದ್ದು.