ಥೀಮ್ ಪಾರ್ಕಿನಲ್ಲಿ ಮದುವೆ: ಬಾಡಿಗೆಗಿಂತ ಮೊದಲು ಸೂರ್ಯಾಸ್ತ ನೋಡೋಣ

ಹಿಂದೆ ನಮ್ಮಲ್ಲಿ ಮೊದಲು ಮುಹೂರ್ತ ನೋಡುತ್ತಿದ್ದರು, ಆಮೇಲೆ ಛತ್ರ ಹುಡುಕುತ್ತಿದ್ದರು. ಈಗ ಮೊದಲು ಜಾಗ ಹುಡುಕುತ್ತೇವೆ, ಜಾಗ ಖಾಲಿ ಇರುವ ದಿನಕ್ಕೆ ಮುಹೂರ್ತ ಕೇಳುತ್ತೇವೆ. ಇದು ಶ್ರೀಮಂತರ ಮನೆಯ ಮಾತು ಮಾತ್ರವಲ್ಲ. ಕೋಡಿಹಳ್ಳಿ, ಕನಕಪುರ, ಚನ್ನಪಟ್ಟಣದಂತಹ ಊರುಗಳಲ್ಲಿ ಅಂಗಡಿ ಇಟ್ಟುಕೊಂಡು ಬದುಕುವ ಕುಟುಂಬಗಳಲ್ಲೂ ‘ಡೆಸ್ಟಿನೇಷನ್ ವೆಡ್ಡಿಂಗ್’ ಎಂಬ ಮಾತು ಬಂದಿದೆ. ಅರಮನೆ, ಸಮುದ್ರ ತೀರದ ಆಸೆ ದುಬಾರಿಯಾದಾಗ ಕಣ್ಣು ಹತ್ತಿರದ ರೆಸಾರ್ಟ್ ಮತ್ತು ಮನರಂಜನಾ ಉದ್ಯಾನಗಳ ಕಡೆ ಹೊರಳುತ್ತದೆ.

ನಮ್ಮ ಜಿಲ್ಲೆಗೆ ಇದು ತೀರ ಹತ್ತಿರದ ವಿಷಯ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಜಿಲ್ಲೆಯ ಬಿಡದಿಯಲ್ಲೇ ವಂಡರ್‌ಲಾ ಇದೆ. ಉದ್ಯಾನ ಆರಂಭವಾದದ್ದು 2005ರಲ್ಲಿ. ಅದರ ಪಕ್ಕದಲ್ಲೇ 2012ರಲ್ಲಿ 84 ಕೋಣೆಗಳ ರೆಸಾರ್ಟ್ ಬಂತು. ಸಮಾರಂಭಕ್ಕೆ ಸಭಾಂಗಣಗಳೂ ಇವೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ದೂರದ ನೆಂಟರಿಗೆ ಈ ಕಡೆ ಬರುವುದು ಸುಲಭವಾಯಿತು. ಇತ್ತ ಕನಕಪುರ ರಸ್ತೆಯಲ್ಲೂ ಫಾರ್ಮ್‌ಹೌಸ್, ರೆಸಾರ್ಟ್‌ಗಳು ಸಾಲಾಗಿ ಎದ್ದಿವೆ.

ಇದರ ಹಿಂದೆ ದೊಡ್ಡ ಗಾಳಿಯೂ ಇದೆ. 2023ರ ನವೆಂಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು, ವಿದೇಶಕ್ಕೆ ಹೋಗಿ ಮದುವೆ ಮಾಡುವ ಅಗತ್ಯವಿದೆಯೇ, ನಮ್ಮ ದೇಶದಲ್ಲೇ ಮಾಡಬಾರದೇ ಎಂದು ಕೇಳಿದ್ದರು. ಹಣ ದೇಶದಲ್ಲೇ ಉಳಿಯಲಿ ಎಂಬುದು ಅದರ ಆಶಯ. ಅಂದಿನಿಂದ ಊರು ಬಿಟ್ಟು ಇನ್ನೊಂದು ಊರಿನಲ್ಲಿ ಮದುವೆ ಮಾಡುವ ವ್ಯವಹಾರಕ್ಕೆ ಇನ್ನಷ್ಟು ಬಲ ಬಂದಿದೆ.

ಮಕ್ಕಳ ಆಸೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಜೈನರು 4,40,280 ಮಂದಿ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ನಮ್ಮ ನೆಂಟಸ್ತನ ಬೆಳಗಾವಿಯಿಂದ ಮೂಡುಬಿದಿರೆಯವರೆಗೆ, ಹಾಸನದಿಂದ ಮುಂಬೈವರೆಗೆ ಹರಡಿದೆ. ಎಲ್ಲರೂ ಒಂದೇ ಸೂರಿನಡಿ ಎರಡು ದಿನ ಇರಲಿ, ದಾಯಾದಿ ಮಕ್ಕಳು ಪರಸ್ಪರ ಪರಿಚಯವಾಗಲಿ, ಬಂದವರಿಗೆ ಕೋಣೆ ಹುಡುಕುವ ಪಾಡು ತಪ್ಪಲಿ ಎಂಬುದು ಒಳ್ಳೆಯ ಯೋಚನೆಯೇ. ಆ ಸಂಭ್ರಮದಲ್ಲಿ ನಮ್ಮ ಮನೆಯ ಹಿರಿಯರು ಎಲ್ಲಿ ಕೂತು, ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆ ಎಂದು ಯಾರೂ ಕೇಳದಿರುವುದೇ ನನ್ನ ಚಿಂತೆ.

ಕಳೆದ ಹಂಗಾಮಿನಲ್ಲಿ ಪರಿಚಯದ ಎರಡು ಕುಟುಂಬಗಳ ಜೊತೆ ಜಾಗ ನೋಡಲು ಹೋಗಿದ್ದೆ. ಮದುವೆ ಮನೆಗಳಲ್ಲಿ ಉಗ್ರಾಣ ನೋಡಿಕೊಳ್ಳುವ ಸೇವೆ ಬಹಳ ವರ್ಷದಿಂದ ಮಾಡುತ್ತಿರುವುದರಿಂದ ಕರೆಯುತ್ತಾರೆ. ನೋಡಿದ ಜಾಗಗಳ ಹೆಸರು ಇಲ್ಲಿ ಬೇಡ. ಎಲ್ಲ ಕಡೆಯೂ ಕಂಡದ್ದು ಹೆಚ್ಚು ಕಡಿಮೆ ಒಂದೇ. ವೇದಿಕೆ ತೋರಿಸುತ್ತಾರೆ, ಹುಲ್ಲುಹಾಸು ತೋರಿಸುತ್ತಾರೆ, ಮದುಮಗಳು ಇಳಿದು ಬರುವ ಮೆಟ್ಟಿಲು ತೋರಿಸುತ್ತಾರೆ. ಅಡುಗೆಮನೆ ತೋರಿಸಿ ಎಂದರೆ ‘ಅದನ್ನೆಲ್ಲ ನಾವು ನೋಡ್ಕೋತೀವಿ ಸರ್’ ಎನ್ನುತ್ತಾರೆ. ಊಟ ಎಷ್ಟು ಗಂಟೆಗೆ ಎಂದರೆ ‘ಎಂಟೂವರೆಗೆ ಶುರು’ ಎಂಬ ಉತ್ತರ ಬರುತ್ತದೆ.

ಇದಕ್ಕೆ ಕಾರಣ ಅವರ ಅಸಡ್ಡೆಯಲ್ಲ, ವ್ಯವಹಾರದ ಸ್ವರೂಪವೇ ಹಾಗೆ. ಮನರಂಜನಾ ಉದ್ಯಾನ ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿಗೆ ತೆರೆದು ಸಂಜೆ 6 ಅಥವಾ 7ಕ್ಕೆ ಮುಚ್ಚುತ್ತದೆ. ಹಗಲೆಲ್ಲ ಟಿಕೆಟ್ ಕೊಂಡ ಸಾರ್ವಜನಿಕರು ಇರುತ್ತಾರೆ. ಉದ್ಯಾನದ ಒಳಗಿನ ಜಾಗ ಖಾಸಗಿ ಸಮಾರಂಭಕ್ಕೆ ಸಿಗಬೇಕಾದರೆ ಅವರು ಹೊರಟ ಮೇಲೆಯೇ. ದೀಪಾಲಂಕಾರ, ಹಿನ್ನೆಲೆಯಲ್ಲಿ ತಿರುಗುವ ಜೈಂಟ್ ವೀಲ್‌ನ ಬೆಳಕು, ಎಲ್ಲವೂ ಕತ್ತಲಾದ ಮೇಲೆ ಚೆಂದ. ಹೀಗಾಗಿ ಉದ್ಯಾನದ ಒಳಗಿನ ಮದುವೆ ಎಂದರೆ ಬಹುಮಟ್ಟಿಗೆ ರಾತ್ರಿಯ ಮದುವೆ, ರಾತ್ರಿಯ ಊಟ.

ಈಗ ನಮ್ಮ ಲೆಕ್ಕ ಹಾಕೋಣ. ರಾತ್ರಿಭೋಜನ ತ್ಯಾಗ ಶ್ರಾವಕನ ಮೊದಲ ನಿಯಮಗಳಲ್ಲೊಂದು. ಕಟ್ಟುನಿಟ್ಟಾಗಿ ಪಾಲಿಸುವವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಾರೆ. ಚಾತುರ್ಮಾಸ ಮುಗಿದು ಮುಹೂರ್ತಗಳು ಶುರುವಾಗುವ ನವೆಂಬರ್‌ನಲ್ಲೇ ನಮ್ಮ ಕಡೆ ಸೂರ್ಯ ಬೇಗ ಮುಳುಗುವುದು, ಸುಮಾರು 5.50ಕ್ಕೆ. ಫೆಬ್ರವರಿ ಮಧ್ಯದಲ್ಲಿ ಸುಮಾರು 6.20, ಮೇ ಮಧ್ಯದಲ್ಲಿ ಸುಮಾರು 6.35. ಅಂದರೆ ನವೆಂಬರ್‌ನಲ್ಲಿ ವ್ರತಸ್ಥರು 5 ಗಂಟೆಗೆ ಊಟ ಮುಗಿಸಬೇಕು, ಮೇ ತಿಂಗಳಲ್ಲೂ ಪೌಣೆ ಆರರ ಹೊತ್ತಿಗೆ. ಉದ್ಯಾನದ ಬಾಗಿಲು ಆಗಿನ್ನೂ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಎಂಟೂವರೆಯ ಊಟಕ್ಕೆ ಮೂರು ಗಂಟೆ ಬಾಕಿ.

ಹೀಗಾದಾಗ ನಡೆಯುವುದೇನು? ಅಜ್ಜಿಗೆ ಕೋಣೆಗೆ ಒಂದು ಡಬ್ಬಿ ಕಳಿಸುತ್ತೇವೆ. ಊರಿನಿಂದ ಬಂದ ಹಿರಿಯರು ಹೆದ್ದಾರಿ ಬದಿಯಲ್ಲಿ ಎರಡು ಬಾಳೆಹಣ್ಣು ತಿಂದುಕೊಂಡು ಬಂದು, ‘ನಮ್ಮದಾಯ್ತು, ನೀವು ಊಟ ಮಾಡಿ’ ಎಂದು ಅಕ್ಷತೆ ಹಾಕಿ ಹೊರಡುತ್ತಾರೆ. ಯಾರೂ ಜಗಳ ಮಾಡುವುದಿಲ್ಲ. ಮೊಮ್ಮಗಳ ಮದುವೆಯಲ್ಲಿ ಪಂಕ್ತಿಯ ಮೊದಲ ಎಲೆ ಯಾರಿಗೆ ಸಲ್ಲಬೇಕೋ ಅವರೇ ಹೊರಗಿನವರಾದರು ಎಂಬುದನ್ನು ಅವರು ಹೇಳುವುದೂ ಇಲ್ಲ. ವ್ರತ ಹಿಡಿದವರು ತಮ್ಮ ಮನೆಯ ಮದುವೆಯಲ್ಲೇ ತೊಂದರೆ ಕೊಡುವವರಂತೆ ಕಂಡರೆ, ನೋಡುತ್ತಿರುವ ಮಕ್ಕಳು ವ್ರತವನ್ನು ಏನೆಂದು ತಿಳಿದಾರು?

ದುಡ್ಡಿನ ಮುಖವೂ ಇದೆ. ಇಂತಹ ಜಾಗಗಳಲ್ಲಿ ಕನಿಷ್ಠ ಇಷ್ಟು ಎಲೆ ಎಂಬ ಗ್ಯಾರಂಟಿ ಬರೆಸಿಕೊಳ್ಳುತ್ತಾರೆ. ಉದಾಹರಣೆಗೆ 400 ಜನ, ಎಲೆಗೆ 1,200 ರೂಪಾಯಿ ಎಂದು ಇಟ್ಟುಕೊಳ್ಳಿ. 4,80,000 ಆಯಿತು. ಅದರ ಮೇಲೆ 18 ಶೇಕಡ ಜಿಎಸ್‌ಟಿ ಬಿದ್ದರೆ 86,400. ಒಟ್ಟು 5,66,400. ಇವರಲ್ಲಿ 150 ಮಂದಿ ರಾತ್ರಿ ಊಟ ಮಾಡದವರಾದರೆ, ಯಾರೂ ಉಣ್ಣದ ಎಲೆಗಳಿಗೆ ನಾವು ಕೊಟ್ಟದ್ದು 2,12,400 ರೂಪಾಯಿ. ಅವರಿಗೆ ಸಂಜೆ ಬೇರೆ ವ್ಯವಸ್ಥೆ ಮಾಡಿದರೆ ಅದು ಇನ್ನೊಂದು ಖರ್ಚು. ಅನ್ನ ಚೆಲ್ಲಿದ್ದು ಬೇರೆ. ಒಬ್ಬರು ಮಾಡಿದರೆಂದು ಇನ್ನೊಬ್ಬರು ಸಾಲ ಮಾಡಿ ಮಾಡುವುದು ನಮ್ಮಲ್ಲೂ ಶುರುವಾಗಿದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಿ ಎಂದ ಧರ್ಮ ನಮ್ಮದು. 1972ರಿಂದ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ನಡೆಸಿಕೊಂಡು ಬಂದು, ದುಂದುವೆಚ್ಚ ಮತ್ತು ವರದಕ್ಷಿಣೆಗೆ ಬೇರೆ ದಾರಿ ತೋರಿಸಿದ ಹೆಗ್ಗಡೆಯವರ ಮನೆತನವೂ ಜೈನ ಮನೆತನವೇ ಎಂಬುದು ನೆನಪಿರಲಿ.

ಹಾಗಾದರೆ ಆ ಕಡೆ ಹೋಗಲೇಬಾರದೇ? ಹೋಗಬಹುದು. ಮುಂಗಡ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಿ, ಉತ್ತರವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಒಂದು, ನಮ್ಮ ಮದುವೆ ದಿನದ ಸೂರ್ಯಾಸ್ತ ಎಷ್ಟಕ್ಕೆ, ಅದಕ್ಕಿಂತ ಒಂದೂವರೆ ಗಂಟೆ ಮೊದಲು ಮೊದಲ ಪಂಕ್ತಿ ಕೂರಿಸಲು ಜಾಗ ಬಿಟ್ಟುಕೊಡುತ್ತಾರೆಯೇ. ಇಲ್ಲ ಎಂದರೆ ಉಳಿದ ಪ್ರಶ್ನೆ ಬೇಡ, ಕೈಮುಗಿದು ಬನ್ನಿ.

ಎರಡು, ‘ಜೈನ್ ಫುಡ್’ ಎಂದರೆ ಅವರ ಅರ್ಥವೇನು. ಅನೇಕ ಕಡೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂದರೆ ಮುಗಿಯಿತು ಎಂದುಕೊಂಡಿದ್ದಾರೆ. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ ಕೂಡ ಕಂದಮೂಲ, ಜೇನುತುಪ್ಪವೂ ನಮಗೆ ಆಗದು ಎಂದು ಬಿಡಿಸಿ ಹೇಳಬೇಕು. ರುಬ್ಬುವ ಯಂತ್ರ, ಕರಿಯುವ ಎಣ್ಣೆ, ಸೌಟು ಬೇರೆಯೇ, ಮಾಂಸಾಹಾರ ಬೇಯುವ ಅಡುಗೆಮನೆಯಲ್ಲೇ ನಮ್ಮದೂ ಬೇಯುತ್ತದೆಯೇ ಎಂದು ಒಳಗೆ ಹೋಗಿ ನೋಡಬೇಕು. ಉದ್ಯಾನ ಎಲ್ಲರಿಗೂ ಇರುವುದು, ಅಲ್ಲಿ ಎಲ್ಲ ಬಗೆಯ ಊಟವೂ ಇರುತ್ತದೆ. ಆ ಬಗ್ಗೆ ನಮ್ಮ ಆಕ್ಷೇಪವಿಲ್ಲ.

ಮೂರು, ನಮ್ಮ ಅಡುಗೆಯವರನ್ನು ಒಳಗೆ ಬಿಡುತ್ತಾರೆಯೇ, ಸೋಸಿದ ನೀರಿಗೆ ವ್ಯವಸ್ಥೆ ಮಾಡಿಕೊಳ್ಳಲು ನಮಗೇ ಬಿಡುತ್ತಾರೆಯೇ. ಹೊರಗಿನ ಅಡುಗೆಯವರಿಗೆ ಅವಕಾಶವಿದ್ದರೂ ಅದಕ್ಕೆ ಬೇರೆ ಶುಲ್ಕ ಇರುತ್ತದೆ, ಮೊದಲೇ ಕೇಳಿ.

ನಾಲ್ಕು, ನಮ್ಮ ಊರಿನವರು ಹೇಗೆ ಬರುತ್ತಾರೆ. 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ಹೆದ್ದಾರಿಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕೋಡಿಹಳ್ಳಿಯಿಂದ ಕನಕಪುರ, ರಾಮನಗರ ದಾಟಿ ಬಿಡದಿಗೆ ಬೈಕಿನಲ್ಲಿ ಬರುವ ಕೆಲಸಗಾರ, ಅಂಗಡಿ ಹುಡುಗ, ಪಕ್ಕದ ಮನೆಯವರು ರಾತ್ರಿ ಹತ್ತಕ್ಕೆ ಹೇಗೆ ಹಿಂದಿರುಗುತ್ತಾರೆ? ಬಸ್ ಮಾಡುವ ಶಕ್ತಿ ಇಲ್ಲದಿದ್ದರೆ ಆಮಂತ್ರಣ ಬರೀ ಶಿಷ್ಟಾಚಾರವಾಗುತ್ತದೆ.

ಐದು, ಜಾಗ ಕಾಡಂಚಿನಲ್ಲಿದೆಯೇ. ಕನಕಪುರ ತಾಲೂಕಿನ ಒಂದು ಕಡೆ ಬನ್ನೇರುಘಟ್ಟ, ಇನ್ನೊಂದು ಕಡೆ ಕಾವೇರಿ ವನ್ಯಧಾಮ. ಆನೆ ಹೊಲಕ್ಕೆ ಬರುವುದು ನಮ್ಮ ಹೋಬಳಿಯವರಿಗೆ ಹೊಸದಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ನಿಯಮವೇ ಇದೆ. ಪಟಾಕಿಗೆ ಕಾನೂನು ಏನೇ ಹೇಳಲಿ, ಸುಡಬಾರದೆಂದು ಅಹಿಂಸೆಯೇ ಹೇಳುತ್ತದೆ.

ಒಂದು ಕುಟುಂಬ ಈ ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗಿ ಒಳ್ಳೆಯ ದಾರಿ ಕಂಡುಕೊಂಡಿತು. ಉದ್ಯಾನದ ಒಳಗಿನ ಸಂಜೆಯ ಜಾಗ ಬಿಟ್ಟು, ರೆಸಾರ್ಟಿನ ಹಗಲಿನ ಸಭಾಂಗಣ ಹಿಡಿದರು. ಬೆಳಗಿನ ಮುಹೂರ್ತ, ಹನ್ನೊಂದರಿಂದ ಊಟ, ಆರತಕ್ಷತೆ ಮೂರೂವರೆಗೆ, ನಾಲ್ಕೂವರೆಗೆ ಸಂಜೆಯ ಪಂಕ್ತಿ. ಆಟ ಆಡಬೇಕೆಂದ ಹುಡುಗರು ಮರುದಿನ ತಾವೇ ಟಿಕೆಟ್ ಕೊಂಡು ಹೋದರು. ಹಗಲಿನ ಬಾಡಿಗೆ ರಾತ್ರಿಯದಕ್ಕಿಂತ ಕಡಿಮೆಯೂ ಆಯಿತು. ಫೋಟೊದಲ್ಲಿ ದೀಪಗಳು ಕಡಿಮೆ ಇವೆ, ಹಿರಿಯರು ಜಾಸ್ತಿ ಇದ್ದಾರೆ.

ನಾನು ದಿನಸಿ ವ್ಯಾಪಾರಿ. ಮದುವೆ ಊರಿನಲ್ಲೇ ಆದರೆ ಅಕ್ಕಿ, ಬೇಳೆ, ಬೆಲ್ಲ ನನ್ನಂಥವರ ಅಂಗಡಿಯಿಂದಲೇ ಹೋಗುತ್ತದೆ, ಹೂವು ಪಕ್ಕದ ಹೊಲದಿಂದ ಬರುತ್ತದೆ. ಈ ಮಾತಿನಲ್ಲಿ ನನ್ನ ಸ್ವಾರ್ಥ ಇದೆ ಎಂದರೆ ಇಲ್ಲವೆನ್ನಲಾರೆ. ಆದರೆ ಹಣ ದೇಶದಲ್ಲೇ ಉಳಿಯಲಿ ಎನ್ನುವ ಮಾತು ಸರಿಯಾದರೆ, ಅದರಲ್ಲಿ ಸ್ವಲ್ಪ ಊರಿನಲ್ಲೂ ಉಳಿಯಲಿ ಎನ್ನುವುದು ತಪ್ಪಾಗದು.

ನಮ್ಮ ಸ್ಥಳೀಯ ಜೈನ ಸಮಾಜಗಳು, ಮಹಿಳಾ ಸಮಾಜಗಳು ಈ ವಿಷಯದಲ್ಲಿ ನಿಷೇಧ ಹೊರಡಿಸುವುದು ಬೇಡ, ಅದನ್ನು ಯಾರೂ ಕೇಳುವುದಿಲ್ಲ. ಒಂದು ರೂಢಿ ಮಾಡಿದರೆ ಸಾಕು: ಲಗ್ನಪತ್ರಿಕೆಯಲ್ಲಿ ಮುಹೂರ್ತದ ಪಕ್ಕದಲ್ಲಿ ಆ ದಿನದ ಸೂರ್ಯಾಸ್ತದ ಸಮಯ, ಕೊನೆಯ ಪಂಕ್ತಿಯ ಸಮಯ ಅಚ್ಚಾಗಲಿ. ಜಾಗ ಯಾವುದೇ ಇರಲಿ, ಅಚ್ಚಾದ ಮಾತಿಗೆ ಮನೆಯವರೂ ಮ್ಯಾನೇಜರೂ ಕಟ್ಟುಬೀಳುತ್ತಾರೆ. ಈ ಹಂಗಾಮಿನಲ್ಲಿ ಪತ್ರಿಕೆ ಅಚ್ಚಿಗೆ ಕೊಡುವವರು ಆ ಒಂದು ಸಾಲು ಸೇರಿಸಿ ನೋಡಿ.

ಜೈ ಜಿನೇಂದ್ರ.