ಗೊರಬೂ ಕಂಬಳಿಯೂ

ಮಲ್ಲಿಪಟ್ಟಣದ ನಮ್ಮ ಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ಗೊರಬೊಂದು ಇಂದಿಗೂ ಬಿದ್ದಿರುವುದು. ಎಲೆಗಳೆಲ್ಲ ಉದುರಿ ಬಿದಿರಿನ ಹೆಣಿಗೆ ಮಾತ್ರ ಉಳಿದಿದೆ. ಕಳೆದ ತಿಂಗಳು ಅದನ್ನು ಕೆಳಗಿಳಿಸಿ ಧೂಳು ಕೊಡಹಿ ನೋಡುವ ಸಂದರ್ಭ ಬಂದಿತು. ಅದಕ್ಕೆ ಕಾರಣನಾದವನು ನನ್ನ ಸೋದರಳಿಯ.

ಅವನು ಸ್ಕಾಟ್ಲೆಂಡಿನಲ್ಲಿ ಉದ್ಯೋಗದಲ್ಲಿರುವನು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾ ವಿದ್ಯೆಯನ್ನು ಕಲಿತು ಮೂರು ವರ್ಷವಾಯಿತು. ಅಲ್ಲಿ ಆರ್ಕ್ನಿ ದ್ವೀಪಗಳ ನಡುವಣ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಲ್ಲಿ, 1919ನೆಯ ಜೂನ್ 21ರಂದು ಜರ್ಮನರು ತಾವಾಗಿಯೇ ಮುಳುಗಿಸಿದ ಯುದ್ಧನೌಕೆಗಳಲ್ಲಿ ಏಳು ದೊಡ್ಡವು ಇನ್ನೂ ತಳದಲ್ಲಿ ಮಲಗಿರುವುವಂತೆ. ಅವನ್ನು ನೋಡಬೇಕೆಂಬುದು ಅವನ ಹಂಬಲ. ಡಿಸೆಂಬರ್ ತಿಂಗಳಲ್ಲಿ ಊರಿಗೆ ಬಂದಾಗ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಅಲ್ಲಿಯೂ ಮುಳುಗುವನು. ಸ್ಕಾಪಾದ ನೀರು ವಸಂತದ ಮೊದಲಲ್ಲಿ ಆರೇಳು ಡಿಗ್ರಿ. ನೇತ್ರಾಣಿಯದು ಇಪ್ಪತ್ತೆಂಟರ ಆಸುಪಾಸು. "ಮಾವ, ಎರಡು ನೀರಿಗೂ ಒಂದೇ ಡ್ರೈಸೂಟನ್ನು ಕೊಳ್ಳೋಣವೆಂದಿದ್ದೇನೆ. ಅಮ್ಮನನ್ನು ನೀವೇ ಒಪ್ಪಿಸಬೇಕು" ಎಂದು ಬರೆದಿದ್ದನು.

ಒಪ್ಪಿಸುವುದು ಸುಲಭವಾಗಿರಲಿಲ್ಲ. ಅಂತಹ ಉಡುಪಿಗೆ ನಮ್ಮ ಹಣದಲ್ಲಿ ಲಕ್ಷ ರೂಪಾಯಿಗೆ ಮೀರಿದ ಬೆಲೆ. ಹಿತ್ತಿಲ ಕಡೆಯ ಛಾವಣಿ ಎರಡು ಮಳೆಗಾಲದಿಂದ ಸೋರುತ್ತಿದ್ದು, ಅದರ ದುರಸ್ತಿಗೆಂದು ಅವನು ಉಳಿಸುತ್ತಿದ್ದ ಹಣವೂ ಅದೇ. "ಅಣ್ಣಾ, ನೀರಿಗೆ ಇಳಿಯೋಕೆ ಲಕ್ಷ ರೂಪಾಯಿ ಬಟ್ಟೆಯೇ? ನೀರೊಳಗೆ ನೋಡೋರು ಯಾರು?" ಎಂದು ತಂಗಿ ಕೇಳಿದಳು. ಅವಳ ಮಾತಿನ ಹಿಂದೆ ಇದ್ದದ್ದು ಹಣದ ಚಿಂತೆಯೊಂದೇ ಅಲ್ಲವೆಂಬುದನ್ನು ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನಗೆ ಗೊರಬಿನ ನೆನಪಾಯಿತು. ನಮ್ಮ ಕಡೆ ನಾಟಿಯ ಕಾಲದಲ್ಲಿ ಗಂಡಸರು ಕಂಬಳಿಯನ್ನು ಕೊಪ್ಪೆ ಮಾಡಿ ಹೊದೆಯುತ್ತಿದ್ದರು. ಅಜ್ಜಿ ಮಲೆನಾಡಿನ ಮನೆಯಿಂದ ಬಂದವಳಾದ್ದರಿಂದ ಗೊರಬನ್ನು ಬಿಟ್ಟವಳಲ್ಲ. ಕಂಬಳಿ ನೆನೆಯುತ್ತದೆ, ಆದರೂ ಉಣ್ಣೆಯಾದುದರಿಂದ ಒಳಗಿನ ಬಿಸುಪನ್ನು ಬಿಟ್ಟುಕೊಡುವುದಿಲ್ಲ. ಗೊರಬು ಹನಿಯನ್ನೂ ಒಳಗೆ ಬಿಡದು, ಆದರೆ ತಾನಾಗಿ ಕಾವು ಕೊಡದು. ಚಳಿ ಹೆಚ್ಚಾದಾಗ ಅಜ್ಜಿ ಅದರ ಕೆಳಗೊಂದು ಕಂಬಳಿಯ ತುಂಡನ್ನು ಸುತ್ತಿಕೊಳ್ಳುತ್ತಿದ್ದಳು. ಮುಳುಗುವವರ ಉಡುಪಿನ ವಿಚಾರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ನೀರು ಮೈಯ ಶಾಖವನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸೆಳೆಯುವುದು. ಎರಡು ವರ್ಷದ ಹಿಂದೆ ನಾನೂ ನೇತ್ರಾಣಿಯ ದೋಣಿಯಲ್ಲಿ ಕುಳಿತಿದ್ದೆನು. ಸ್ನಾನಕ್ಕೆ ಹಿತವೆನ್ನಬಹುದಾದ ಆ ನೀರಿನಿಂದಲೂ ಎರಡನೆಯ ಸಲ ಮೇಲೆದ್ದ ಹುಡುಗರು ಹಲ್ಲು ಕಟಕಟಿಸುತ್ತಿದ್ದುದನ್ನು ಕಂಡು ಬೆರಗಾದೆನು. ಅವರು ತೊಟ್ಟಿದ್ದದ್ದು ವೆಟ್‌ಸೂಟು. ನಮ್ಮ ಕಂಬಳಿಕೊಪ್ಪೆಯ ಜಾತಿ. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಯೋಚಿಸಿ ಮಾಡಿದ ಉಡುಪು ಅದು. ನಿಯೋಪ್ರೀನ್ ಎಂಬ ರಬ್ಬರಿನ ನೊರೆಯಲ್ಲಿ ಸೂಕ್ಷ್ಮ ಗುಳ್ಳೆಗಳಿದ್ದು, ಮೈ ನೆನೆದರೂ ಅವು ಶಾಖವನ್ನು ತಡೆಯುವುವು. ಡ್ರೈಸೂಟು ಗೊರಬಿನ ಜಾತಿ. ಕೊರಳು ಮುಂಗೈಗಳಲ್ಲಿ ಬಿಗಿಯಾದ ಪಟ್ಟಿಗಳೂ ನೀರು ಹಾಯದ ಜಿಪ್ಪೂ ಇದ್ದು ಮೈ ಒಣಗಿಯೇ ಇರುವುದು. ಇದರ ಪೂರ್ವಜ ಇನ್ನೂ ಹಳೆಯದು: ಲಂಡನ್ನಿನಲ್ಲಿ ಅಗಸ್ಟಸ್ ಸೀಬೆ 1837ರ ವೇಳೆಗೆ ಲೋಹದ ಶಿರಸ್ತ್ರಾಣಕ್ಕೆ ಜೋಡಿಸಿದ ಮುಚ್ಚಿದ ಉಡುಪು.

ಇನ್ನು ಬಟ್ಟೆಯ ಆಯ್ಕೆ. ನಿಯೋಪ್ರೀನಿನಿಂದಲೇ ಮಾಡಿದ ಡ್ರೈಸೂಟುಗಳುಂಟು. ಅವು ಮೈಗೆ ಹೊಂದಿಕೊಳ್ಳುವುವು, ತಾವೇ ಬೆಚ್ಚಗಿರುವುವು. ಆದರೆ ಆ ಕಾವನ್ನು ಸೆಕೆಯ ಊರಿನಲ್ಲಿ ತೆಗೆದಿಡುವಂತಿಲ್ಲ. ಮೇಲಾಗಿ ನೊರೆಯ ನಿಯೋಪ್ರೀನು ಆಳಕ್ಕೆ ಹೋದಂತೆ ಅಮುಕಿಕೊಂಡು ತೆಳುವಾಗುವುದು. ಅದಕ್ಕಾಗಿಯೇ ಮೊದಲೇ ಅಮುಕಿದ ಬಗೆಯನ್ನೂ ಮಾಡುವರು. ಬಲಿತ ರಬ್ಬರಿನ ಉಡುಪು ಕೊಳಚೆ ನೀರಿನಲ್ಲಿ ಕೆಲಸಮಾಡುವವರಿಗೆ ಸರಿ, ಏಕೆಂದರೆ ಅದನ್ನು ತೊಳೆದು ಶುದ್ಧಿಮಾಡುವುದು ಸುಲಭ. (ನಮ್ಮ ಕೆರೆಬಾವಿಗಳಲ್ಲಿ ಶವ ತೆಗೆಯುವ ಈಜುಗಾರರು ಬರಿಮೈಯಲ್ಲಿ ಇಳಿಯುವುದನ್ನು ಕಂಡವರಿಗೆ ಈ ಮಾತು ನೋಯಿಸದಿರದು.) ಮೂರನೆಯದು ಟ್ರೈಲ್ಯಾಮಿನೇಟ್: ಎರಡು ನೂಲುಬಟ್ಟೆಗಳ ನಡುವೆ ರಬ್ಬರಿನ ತೆಳುಪೊರೆ. ಹಗುರ, ಬೇಗ ಒಣಗುವುದು, ಸ್ವಂತ ಕಾವು ಇಲ್ಲವೆಂದರೂ ಸಲ್ಲುವುದು. ಎರಡು ನೀರಿಗೂ ಒಂದೇ ಬೇಕೆನ್ನುವವನಿಗೆ ಇದೇ ತಕ್ಕುದೆಂದು ನನ್ನ ಮತ. ಬಿಸಿನೀರಿಗೆ ತೆಳುವಾದ ಒಳ ಅಂಗಿ, ತಣ್ಣೀರಿಗೆ ಉಣ್ಣೆಯದೋ ದಪ್ಪ ಪದರದ್ದೋ ಒಳ ಉಡುಪು. ಹೊರಗಿನ ಗೊರಬು ಒಂದೇ. ಹತ್ತಿಯ ಬಟ್ಟೆಯನ್ನು ಮಾತ್ರ ಒಳಗೆ ತೊಡಕೂಡದು. ಬೆವರಿನಿಂದಲೇ ನೆನೆದು ಅದು ಮೈಯ ಶಾಖವನ್ನು ಹೀರುವುದು.

ಆದ್ದರಿಂದ ಅಳತೆ ಕೊಡುವಾಗ ಅತಿ ದಪ್ಪವಾದ ಒಳ ಉಡುಪನ್ನು ತೊಟ್ಟೇ ಕೊಡತಕ್ಕದ್ದು. ಕುಕ್ಕರುಗಾಲಿನಲ್ಲಿ ಕೂರಬೇಕು, ಎದೆಯ ಮೇಲೆ ಕೈಕಟ್ಟಬೇಕು, ಕತ್ತಿನ ಹಿಂದಕ್ಕೆ ಕೈಚಾಚಿ ಸಿಲಿಂಡರಿನ ತಿರುಗಣೆ ಎಟಕುವುದೋ ನೋಡಬೇಕು. ಹಾಗೆಂದು ಅಂಗಡಿಯವನು "ಸಡಿಲವಿದ್ದರೆ ಒಳ್ಳೆಯದು" ಎಂದರೆ ನಂಬಬಾರದು, ಅಪಾಯವಿರುವುದು ಅಲ್ಲಿಯೇ. ಹತ್ತು ಮೀಟರು ಆಳದಲ್ಲಿ ಉಡುಪಿನ ಗಾಳಿ ಅರ್ಧಕ್ಕೆ ಕುಗ್ಗುವುದು, ಮೂವತ್ತರಲ್ಲಿ ಕಾಲುಭಾಗಕ್ಕೆ. ಬಟ್ಟೆ ಚರ್ಮವನ್ನು ಚಿವುಟದಂತೆ ಎದೆಯ ಗುಂಡಿಯೊತ್ತಿ ಒಳಗೆ ಗಾಳಿ ತುಂಬಬೇಕಾಗುವುದು. ಏರುವಾಗ ಅದೇ ಗಾಳಿ ಹಿಗ್ಗುವುದು. ತೋಳಿನ ಕವಾಟದಿಂದ ಅದನ್ನು ಬಿಡುತ್ತ ಬರಬೇಕು. ನನ್ನ ಅಳಿಯ ಅಭ್ಯಾಸದ ಕೊಳದಲ್ಲಿ ಬಾಡಿಗೆಯ ಸಡಿಲ ಉಡುಪು ತೊಟ್ಟು ಏನನ್ನೋ ಎತ್ತಲು ಬಗ್ಗಿದಾಗ, ಗಾಳಿಯೆಲ್ಲ ಕಾಲಿಗೆ ನುಗ್ಗಿ ತಲೆಕೆಳಗಾಗಿ ಮೇಲಕ್ಕೆ ತೇಲಿಹೋದನಂತೆ. ಕಲಿಸುವವರು ಹಿಡಿದುಕೊಂಡದ್ದರಿಂದ ನಗೆಯಲ್ಲಿ ಮುಗಿಯಿತು. ಸಮುದ್ರದಲ್ಲಿ ಮೂವತ್ತು ಮೀಟರಿನಿಂದ ಹಾಗೆ ಏರಿದರೆ ಶ್ವಾಸಕೋಶವೇ ಒಡೆಯಬಹುದು. ಇದನ್ನು ತಂಗಿಗೆ ಅವನು ಹೇಳಿರಲಿಲ್ಲ. ನಾನೂ ಆಗ ಹೇಳಲಿಲ್ಲ. ಡ್ರೈಸೂಟಿನ ಪಾಠವನ್ನು ಬೇರೆಯಾಗಿ ಕಲಿಯದೆ ಉಡುಪನ್ನು ಕೊಳ್ಳಕೂಡದೆಂದು ಮಾತ್ರ ಅವನಿಗೆ ಬರೆದೆನು. ಒಳ ಉಡುಪು ಬದಲಾದಾಗಲೆಲ್ಲ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನೂ ಹೊಸದಾಗಿ ನೋಡಬೇಕು. ದಪ್ಪ ಬಟ್ಟೆ ಹೆಚ್ಚು ಗಾಳಿ ಹಿಡಿಯುವುದು, ಹೆಚ್ಚು ತೇಲಿಸುವುದು.

ಕೊರಳಪಟ್ಟಿ ಲ್ಯಾಟೆಕ್ಸಿನದಾದರೆ ಬಿಸಿಲಿಗೂ ಎಣ್ಣೆಗೂ ಬೇಗ ಹಾಳಾಗುವುದು. ಸಿಲಿಕೋನಿನದು ಮೃದು, ಬದಲಾಯಿಸುವುದೂ ಸುಲಭ. ಯಾವುದೇ ಆಗಲಿ, ಕತ್ತಿನ ನರವನ್ನೊತ್ತಿ ತಲೆ ತಿರುಗಿಸುವಷ್ಟು ಬಿಗಿಯಿರಬಾರದು. ಹಳೆಯ ಉಡುಪು ಅಗ್ಗವಾಗಿ ಸಿಕ್ಕಿದರೆ ಮೊದಲು ಜಿಪ್ಪನ್ನು ಪೂರ್ತಿ ಎಳೆದು ನೋಡತಕ್ಕದ್ದು. ಅದನ್ನು ಬದಲಿಸುವ ಖರ್ಚು ಸಾಮಾನ್ಯವಲ್ಲ.

ಇಷ್ಟೆಲ್ಲ ಬರೆದ ಮೇಲೆ ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದೆನು: ಎರಡು ನೀರಿಗೂ ಸಲ್ಲುವ ಉಡುಪು ಇದೆಯೆಂದಮಾತ್ರಕ್ಕೆ ನೇತ್ರಾಣಿಗೆ ಅದನ್ನು ಹೊತ್ತು ತರಬೇಕಾಗಿಲ್ಲ. ದೋಣಿಯ ಬಿಸಿಲಿನಲ್ಲಿ ಅದನ್ನು ತೊಟ್ಟು ಅರ್ಧಗಂಟೆ ಕುಳಿತರೆ ನೀರಿಗಿಳಿಯುವ ಮೊದಲೇ ತಲೆಸುತ್ತು ಬಂದೀತು. ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ, ದೀರ್ಘಕಾಲ ಮುಳುಗುವವರಿಗೆ ಬೆಚ್ಚನೆಯ ಸಮುದ್ರದಲ್ಲಿಯೂ ಅದು ಬೇಕಾಗಬಹುದು. ವರ್ಷಕ್ಕೆರಡು ಸಲ ಮುಳುಗುವವನಿಗೆ ಅಲ್ಲಿ ಬಾಡಿಗೆಗೆ ಸಿಗುವ ಮೂರು ಮಿಲಿಮೀಟರಿನ ವೆಟ್‌ಸೂಟೇ ಸಾಕು. ಸ್ಕಾಪಾಕ್ಕೂ ಮೊದಲ ವರ್ಷ ಬಾಡಿಗೆಯದನ್ನೇ ತೊಡಲಿ, ಆದರೆ ಅಳತೆಗೆ ಸರಿಯಾದುದನ್ನು. ಒಳ ಉಡುಪಿಗೆ ಮಾತ್ರ ಜಿಪುಣತನ ಬೇಡ. ಅದನ್ನು ಒಳ್ಳೆಯದನ್ನೇ ಕೊಳ್ಳಲಿ.

ಹದಿನೈದು ದಿನಕ್ಕೆ ಉತ್ತರ ಬಂದಿತು. ಉಣ್ಣೆಯ ಒಳ ಉಡುಪನ್ನು ಕೊಂಡನಂತೆ, ಡ್ರೈಸೂಟಿನ ಪಾಠಕ್ಕೆ ಹೆಸರು ಕೊಟ್ಟನಂತೆ, ಉಳಿದ ಹಣವನ್ನು ಮನೆಗೆ ಕಳುಹಿಸುವನಂತೆ. ಹಂಚು ಹೊದಿಸುವವರನ್ನು ಮಳೆಗೆ ಮುಂಚೆಯೇ ಗೊತ್ತುಮಾಡಬೇಕೆಂದು ತಂಗಿ ನಿನ್ನೆ ಹೇಳಿಕಳುಹಿಸಿದ್ದಾಳೆ.