ವರ್ಗಾವಣೆಯ ವಿದ್ಯಾರ್ಥಿ ಮತ್ತು ಕನ್ನಡ ಪತ್ರಿಕೆಯ ಸಮಾನತೆ

ಪದವಿ ಶಿಕ್ಷಣವನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆಯುವ ಚರ್ಚೆಗಳು ಬಹುಮಟ್ಟಿಗೆ ಪಠ್ಯದ ಆಯ್ಕೆ, ಬೋಧನಾವಧಿಯ ಕಡಿತ ಹಾಗೂ ಕಾರ್ಯಭಾರ ಎಂಬ ಮೂರು ಸಂಗತಿಗಳ ಸುತ್ತಲೇ ನಡೆಯುತ್ತವೆ. ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಎರಡೋ ನಾಲ್ಕೋ ಸೆಮಿಸ್ಟರುಗಳನ್ನು ಮುಗಿಸಿ ಮತ್ತೊಂದರ ವ್ಯಾಪ್ತಿಗೆ ಬರುವ ವಿದ್ಯಾರ್ಥಿಗಳು ಈ ಚರ್ಚೆಗಳ ಹೊರಗೇ ಉಳಿದಿದ್ದಾರೆ. ಪೋಷಕರ ನೌಕರಿಯ ವರ್ಗಾವಣೆ, ಮದುವೆ, ದುಡಿಮೆಯನ್ನು ಅರಸಿ ಕುಟುಂಬವೇ ಊರು ಬಿಡುವುದು, ವಸತಿನಿಲಯದಲ್ಲಿ ಸ್ಥಳ ದೊರೆಯದಿರುವುದು ಹೀಗೆ ಕಾರಣಗಳು ಹಲವು. ಇವುಗಳಲ್ಲಿ ಯಾವುದೂ ಕಲಿಕೆಯ ಕೊರತೆಗೆ ಸಂಬಂಧಿಸಿದ್ದಲ್ಲ. ಆದರೂ ಹೊಸ ಕಾಲೇಜಿನಲ್ಲಿ ಪ್ರವೇಶ ಬಯಸುವ ಕ್ಷಣದಿಂದಲೇ ಇವರು ‘ಕೊರತೆಯುಳ್ಳವರು’ ಎಂಬ ವರ್ಗಕ್ಕೆ ಸೇರಿಬಿಡುತ್ತಾರೆ. ಈ ವರ್ಗೀಕರಣದಲ್ಲಿ ಕನ್ನಡ ಭಾಷಾ ಪತ್ರಿಕೆಯ ಪಾಲೆಷ್ಟು ಎಂಬುದು ಕನ್ನಡ ಅಧ್ಯಾಪಕರು ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿದೆ.

ಸಮಸ್ಯೆಯ ಸ್ವರೂಪವನ್ನು ಅರಿಯಲು ರಾಜ್ಯದ ಉನ್ನತ ಶಿಕ್ಷಣದ ಭೂಪಟವನ್ನು ಒಮ್ಮೆ ನೋಡುವುದು ಅಗತ್ಯ. 1916ರಲ್ಲಿ ಮೈಸೂರು, 1949ರಲ್ಲಿ ಕರ್ನಾಟಕ, 1964ರಲ್ಲಿ ಬೆಂಗಳೂರು, 1980ರಲ್ಲಿ ಗುಲ್ಬರ್ಗಾ ಮತ್ತು ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವುಗಳಲ್ಲಿ ಬಹುಪಾಲಿನ ವ್ಯಾಪ್ತಿ ಒಂದಕ್ಕಿಂತ ಹೆಚ್ಚು ಜಿಲ್ಲೆಗಳಷ್ಟು ವಿಸ್ತಾರವಾಗಿತ್ತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗಗಳಾಯಿತು. 2023ರಲ್ಲಿ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಜಿಲ್ಲೆಗಳಿಗೆ ಪ್ರತ್ಯೇಕ ವಿಶ್ವವಿದ್ಯಾಲಯಗಳು ಬಂದವು. ಮೊದಲು ಹಾಸನದಿಂದ ಮೈಸೂರಿಗೆ, ಹಾವೇರಿಯಿಂದ ಧಾರವಾಡಕ್ಕೆ ಹೋಗುವ ವಿದ್ಯಾರ್ಥಿ ಕಾಲೇಜನ್ನು ಬದಲಿಸುತ್ತಿದ್ದರೇ ಹೊರತು ವಿಶ್ವವಿದ್ಯಾಲಯವನ್ನಲ್ಲ. ಹೊಸ ಗಡಿಗಳು ಬಂದ ಮೇಲೆ ಅದೇ ಬಸ್ಸಿನ ಹಾದಿ ಅಂತರ ವಿಶ್ವವಿದ್ಯಾಲಯ ವರ್ಗಾವಣೆಯಾಯಿತು. ವರ್ಗಾವಣೆ ಪತ್ರದ ಜೊತೆಗೆ ವಲಸೆ ಪ್ರಮಾಣಪತ್ರ, ಅರ್ಹತಾ ಪತ್ರ, ಪತ್ರಿಕೆಗಳ ಸಮಾನತೆಯ ಪರಿಶೀಲನೆ ಇವೆಲ್ಲವೂ ಸೇರಿಕೊಂಡವು. ಈ ಹೊಸ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲನ್ನು ಮುಚ್ಚುವಂತೆ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿದ್ದನ್ನೂ ಇಲ್ಲಿ ನೆನೆಯಬೇಕು. ಗಡಿಗಳನ್ನು ಎಳೆದರೂ ಅಳಿಸಿದರೂ ನಡುವೆ ಸಿಲುಕುವವರು ಓದುತ್ತಿರುವವರೇ.

ಗಡಿಯ ತೊಡಕಿಗೆ ಕಾಲದ ತೊಡಕೂ ಕೂಡಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021-22ರಲ್ಲಿ ರಾಜ್ಯದ ಪದವಿ ತರಗತಿಗಳಿಗೆ ನಾಲ್ಕು ವರ್ಷಗಳ ಆನರ್ಸ್ ವಿನ್ಯಾಸ ಬಂದಿತು. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಹೀಗಾಗಿ ಕೆಲವೇ ವರ್ಷಗಳ ಅಂತರದಲ್ಲಿ ಮೂರು ಬಗೆಯ ಪಠ್ಯಕ್ರಮಗಳು ಒಂದೇ ಪರೀಕ್ಷಾ ವಿಭಾಗದಲ್ಲಿ ಜೊತೆಯಾಗಿ ಬದುಕಿದವು. 2023ರಲ್ಲಿ ಪದವಿಗೆ ಸೇರಿದ ವಿದ್ಯಾರ್ಥಿನಿಯೊಬ್ಬರು ಮದುವೆಯ ಕಾರಣದಿಂದ ಒಂದು ವರ್ಷ ಓದು ನಿಲ್ಲಿಸಿ ಬೇರೆ ಜಿಲ್ಲೆಯಲ್ಲಿ ಮುಂದುವರಿಸಲು ಬಯಸಿದರೆನ್ನೋಣ. ಅವರು ಬಿಟ್ಟುಬಂದ ವಿನ್ಯಾಸ ಒಂದು, ಸೇರಬೇಕಾದ ತರಗತಿಯ ವಿನ್ಯಾಸ ಇನ್ನೊಂದು. ವಿಶ್ವವಿದ್ಯಾಲಯವೂ ಬೇರೆ, ಪಠ್ಯಕ್ರಮವೂ ಬೇರೆ ಎಂಬ ಇಮ್ಮಡಿ ಅಂತರವನ್ನು ಅವರೊಬ್ಬರೇ ದಾಟಬೇಕು.

ಇದಕ್ಕೆ ಪರಿಹಾರವೆಂದು ಸೂಚಿಸಲಾಗುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಾವಳಿ. ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಖಾತೆಯಲ್ಲಿ ಜಮೆಯಾಗಿರುತ್ತವೆ. ಸಾಮಾನ್ಯವಾಗಿ ಏಳು ವರ್ಷಗಳವರೆಗೆ ಅವು ಊರ್ಜಿತದಲ್ಲಿರುತ್ತವೆ. ಪದವಿ ನೀಡುವ ಸಂಸ್ಥೆಯಲ್ಲಿ ಕನಿಷ್ಠ ಶೇ. 50ರಷ್ಟು ಕ್ರೆಡಿಟ್‌ಗಳನ್ನು ಗಳಿಸಿರಬೇಕು. ತತ್ತ್ವತಃ ಇದು ಸ್ವಾಗತಾರ್ಹ. ಆದರೆ ಜಮೆಯಾಗುವುದು ಬೇರೆ, ಚಲಾವಣೆಯಾಗುವುದು ಬೇರೆ. ಯಾವ ಪತ್ರಿಕೆ ಯಾವುದಕ್ಕೆ ಸಮಾನ ಎಂದು ನಿರ್ಧರಿಸುವುದು ಪ್ರವೇಶ ನೀಡುವ ವಿಶ್ವವಿದ್ಯಾಲಯ. ಅದು ಆಯಾ ವಿಷಯದ ಅಧ್ಯಯನ ಮಂಡಳಿಯ ಅಭಿಪ್ರಾಯವನ್ನು ಅವಲಂಬಿಸುತ್ತದೆ. ಎಂದರೆ, ಕನ್ನಡ ಪತ್ರಿಕೆಯ ಮಟ್ಟಿಗೆ ಕೊನೆಯ ಮಾತು ಕನ್ನಡ ಅಧ್ಯಾಪಕರದ್ದೇ ಆಗಿರುತ್ತದೆ.

ಲೆಕ್ಕಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪತ್ರಿಕೆಗಳ ನಡುವೆ ಸಮಾನತೆ ಗುರುತಿಸುವುದು ಹೆಚ್ಚು ಕಷ್ಟವಲ್ಲ, ಘಟಕಗಳ ಶೀರ್ಷಿಕೆಗಳೇ ಬಹುಪಾಲು ಹೊಂದುತ್ತವೆ. ಕನ್ನಡ ಭಾಷಾ ಪತ್ರಿಕೆಯ ಸಂಗತಿ ಹಾಗಲ್ಲ. ಪ್ರತಿ ವಿಶ್ವವಿದ್ಯಾಲಯವೂ ಕಲೆ, ವಾಣಿಜ್ಯ, ವಿಜ್ಞಾನ ವಿಭಾಗಗಳಿಗೆ ಬೇರೆ ಬೇರೆ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಒಂದರಲ್ಲಿ ವಚನ, ಮತ್ತೊಂದರಲ್ಲಿ ಕೀರ್ತನೆ. ಒಂದರಲ್ಲಿ ಹಳಗನ್ನಡದ ಭಾಗ, ಮತ್ತೊಂದರಲ್ಲಿ ಜನಪದ ಕಾವ್ಯ. ಕರಾವಳಿಯಲ್ಲಿ ಯಕ್ಷಗಾನದ ಪ್ರಸಂಗ, ಬಯಲುಸೀಮೆಯಲ್ಲಿ ತತ್ತ್ವಪದ. ಪಠ್ಯಗಳ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಯಾವ ಎರಡು ಪತ್ರಿಕೆಗಳೂ ಸಮಾನವೆನಿಸುವುದಿಲ್ಲ. ಆದ್ದರಿಂದಲೇ ಉಳಿದೆಲ್ಲ ಪತ್ರಿಕೆಗಳು ಒಪ್ಪಿತವಾಗಿಯೂ ಕನ್ನಡದ ಒಂದೆರಡು ಪತ್ರಿಕೆಗಳನ್ನು ಮತ್ತೆ ಬರೆಯಬೇಕಾದ ಪ್ರಸಂಗ ಒದಗುತ್ತದೆ. ಕನ್ನಡವನ್ನು ಓದಿ ತೇರ್ಗಡೆಯಾದವರು ಕನ್ನಡದ ನಾಡಿನಲ್ಲೇ ಕನ್ನಡದ ಬಾಕಿದಾರರಾಗುವುದು ವಿಪರ್ಯಾಸವಲ್ಲದೆ ಬೇರೇನಲ್ಲ.

ಇದರ ವಿರುದ್ಧ ಎರಡು ವಾದಗಳಿವೆ, ಎರಡೂ ತಳ್ಳಿಹಾಕುವಂಥವಲ್ಲ. ಮೊದಲನೆಯದು ಪ್ರಾದೇಶಿಕತೆಯ ವಾದ. ಸಮಾನತೆಯ ಹೆಸರಿನಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಠ್ಯಪುಸ್ತಕ ಬಂದರೆ ಆಯಾ ಪ್ರದೇಶದ ನುಡಿ, ಕಾವ್ಯ, ಕಥನಗಳು ತರಗತಿಯಿಂದ ಮರೆಯಾಗುತ್ತವೆ ಎಂಬ ಆತಂಕ ನ್ಯಾಯವಾದುದು. ಎರಡನೆಯದು ಗುಣಮಟ್ಟದ ವಾದ. ಕಣ್ಣುಮುಚ್ಚಿ ಒಪ್ಪಿಕೊಂಡರೆ ಭಾಷಾ ಪತ್ರಿಕೆ ಇನ್ನಷ್ಟು ಹಗುರವಾಗುತ್ತದೆ, ಅದನ್ನು ಗಂಭೀರವಾಗಿ ಓದುವವರಿಲ್ಲದಂತಾಗುತ್ತದೆ ಎಂಬುದು ಇದರ ಸಾರ.

ಮೊದಲ ವಾದಕ್ಕೆ ಉತ್ತರ ಸಮಾನತೆಯೆಂಬ ಪದದಲ್ಲಿಯೇ ಇದೆ. ಸಮಾನತೆ ಏಕರೂಪತೆಯನ್ನು ಬೇಡುವುದಿಲ್ಲ. ಕನ್ನಡವು ಹಲವು ಬಗೆಯದೆಂಬ ಅರಿವು ಕವಿರಾಜಮಾರ್ಗದ ಕಾಲದಿಂದಲೂ ಕನ್ನಡ ಕಾವ್ಯಮೀಮಾಂಸೆಗೆ ಇದೆ. ಆ ಅರಿವಿನ ವಾರಸುದಾರರಾದ ವಿಭಾಗಗಳು ಯಕ್ಷಗಾನ ಓದಿ ಬಂದವರಿಗೆ ತತ್ತ್ವಪದ ಓದಿಲ್ಲವೆಂಬ ಕಾರಣಕ್ಕೆ ದಂಡ ವಿಧಿಸುವುದು ಬಹುತ್ವದ ರಕ್ಷಣೆಯಾಗಲಾರದು. ಎರಡನೆಯ ವಾದದ ಮಟ್ಟಿಗೆ ಹೇಳುವುದಾದರೆ, ಗುಣಮಟ್ಟವನ್ನು ಅಳೆಯಬೇಕಾದುದು ಓದುವ, ಗ್ರಹಿಸುವ, ಬರೆಯುವ ಸಾಮರ್ಥ್ಯಗಳಿಂದ. ರಾಜ್ಯದ 2021ರ ಪಠ್ಯಕ್ರಮದಲ್ಲಿ ಭಾಷಾ ಪತ್ರಿಕೆಗೆ 3 ಕ್ರೆಡಿಟ್, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 60 ಮತ್ತು ಆಂತರಿಕ ಮೌಲ್ಯಮಾಪನಕ್ಕೆ 40 ಅಂಕಗಳೆಂಬ ಸಮಾನ ಚೌಕಟ್ಟಿತ್ತು. ಕ್ರೆಡಿಟ್, ಬೋಧನಾವಧಿ, ಕಲಿಕೆಯ ಉದ್ದೇಶ ಈ ಮೂರೂ ಹೊಂದುವಾಗ ಪಠ್ಯಭಾಗಗಳ ವ್ಯತ್ಯಾಸವನ್ನು ಕೊರತೆಯೆಂದು ಎಣಿಸಬೇಕಾದ ಅಗತ್ಯವಿಲ್ಲ.

ನಿಜವಾದ ಕೊರತೆಯ ಸಂದರ್ಭಗಳೂ ಇವೆ. ಪದವಿಯಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ 2021ರ ಆಗಸ್ಟ್‌ನ ಸರ್ಕಾರಿ ಆದೇಶ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟಿತು. ಕಡ್ಡಾಯವೆಂದು ಒತ್ತಾಯಿಸಬಾರದೆಂಬ ಮಧ್ಯಂತರ ಆದೇಶ ಅದೇ ಡಿಸೆಂಬರ್‌ನಲ್ಲಿ ಬಂದಿತು. ಆ ನಂತರ ಕನ್ನಡದ ಬದಲು ಬೇರೆ ಭಾಷೆ ಓದಿ ಬಂದವರು, ಕನ್ನಡೇತರರಿಗೆಂದು ರೂಪಿಸಿದ ಬಳಕೆಯ ಕನ್ನಡವನ್ನಷ್ಟೇ ಓದಿ ಬಂದವರು ಇದ್ದಾರೆ. ಇವರು ಕನ್ನಡವನ್ನು ಆಯ್ದುಕೊಳ್ಳಲು ಮುಂದಾದಾಗ ಹಿಂದಿನ ಎಲ್ಲ ಪತ್ರಿಕೆಗಳನ್ನೂ ಬರೆಯಬೇಕೆಂಬ ಷರತ್ತು ವಿಧಿಸಿದರೆ ಅವರು ಕನ್ನಡದಿಂದ ದೂರ ಸರಿಯುವುದು ಸಹಜ. ಒಂದು ಪೂರಕ ಪಾಠಕ್ರಮ, ಒಂದು ಸಾಮರ್ಥ್ಯ ಪರೀಕ್ಷೆ ಇಂಥಲ್ಲಿ ಸಾಕಾಗುತ್ತದೆ.

ಮಂಡಳಿಯ ತೀರ್ಮಾನಗಳು ಬರುವತನಕ ಕಾಯಲಾಗದ ವಿದ್ಯಾರ್ಥಿಗೆ ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ನೀಡಬಹುದಾದ ತಿಳುವಳಿಕೆಯೂ ಅಧ್ಯಾಪಕರ ಹೊಣೆಯೇ. ಬಹುಪಾಲು ತೊಂದರೆಗಳು ಹುಟ್ಟುವುದು ಊರು ಬಿಡುವ ಅವಸರದಲ್ಲಿ. ಚಾಲ್ತಿಯಲ್ಲಿರುವ ಸೆಮಿಸ್ಟರಿನ ಪರೀಕ್ಷೆ ಮುಗಿಯುವ ಮೊದಲು ವರ್ಗಾವಣೆ ಪತ್ರವನ್ನು ಪಡೆಯಬಾರದು. ಹಾಜರಾತಿಯ ಕೊರತೆಯಿದ್ದರೆ ಅದನ್ನು ಅಲ್ಲಿಯೇ ಇತ್ಯರ್ಥಪಡಿಸಿಕೊಳ್ಳಬೇಕು. ಆಂತರಿಕ ಅಂಕಗಳು ವಿಶ್ವವಿದ್ಯಾಲಯದ ದಾಖಲೆಗೆ ಸೇರಿವೆಯೇ ಎಂದು ಕಣ್ಣಾರೆ ನೋಡಬೇಕು, ಏಕೆಂದರೆ ಕಾಲೇಜು ಬಿಟ್ಟ ಮೇಲೆ ಬಿಟ್ಟುಹೋದ ಅಂಕವನ್ನು ಸೇರಿಸುವುದು ತಿಂಗಳುಗಳ ಕೆಲಸ. ಓದಿದ ಎಲ್ಲ ಪತ್ರಿಕೆಗಳ ಪಠ್ಯಕ್ರಮದ ಪ್ರತಿಯನ್ನು ಪ್ರಾಂಶುಪಾಲರಿಂದ ದೃಢೀಕರಿಸಿಕೊಳ್ಳಬೇಕು. ಸಮಾನತೆಯ ಪರಿಶೀಲನೆಗೆ ಅಂಕಪಟ್ಟಿಯಷ್ಟೇ ಇದೂ ಮುಖ್ಯ. ಕ್ರೆಡಿಟ್ ಖಾತೆಯಲ್ಲಿ ಹೆಸರು, ನೋಂದಣಿ ಸಂಖ್ಯೆಗಳು ಅಂಕಪಟ್ಟಿಯೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಉಳಿದ ಪತ್ರಿಕೆಗಳಿದ್ದರೆ ಅವುಗಳನ್ನು ಹಳೆಯ ವಿಶ್ವವಿದ್ಯಾಲಯದಲ್ಲಿ ಬರೆಯಬೇಕೇ ಹೊಸದರಲ್ಲಿಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು, ಬಾಯಿಮಾತಿನ ಭರವಸೆ ಪರೀಕ್ಷಾ ವಿಭಾಗದಲ್ಲಿ ನಿಲ್ಲುವುದಿಲ್ಲ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ್ದರೆ ಅದರ ಫಲಿತಾಂಶ ಬರುವವರೆಗೆ ವಲಸೆ ಪ್ರಮಾಣಪತ್ರಕ್ಕೆ ಆತುರಪಡಬಾರದು. ಪ್ರವೇಶವು ಸಾಮಾನ್ಯವಾಗಿ ಮೂರನೆಯ ಅಥವಾ ಐದನೆಯ ಸೆಮಿಸ್ಟರಿನ ಆರಂಭದಲ್ಲಿ ಮಾತ್ರ ದೊರೆಯುವುದರಿಂದ ಕೆಲವು ದಿನಗಳ ವಿಳಂಬವೂ ಒಂದು ವರ್ಷವನ್ನು ನುಂಗಬಲ್ಲದು.

ಇವೆಲ್ಲ ಗುಮಾಸ್ತರ ಮೇಜಿನ ಸಂಗತಿಗಳೆಂದು, ಸಾಹಿತ್ಯದ ವಿಭಾಗಕ್ಕೆ ಸಂಬಂಧಿಸಿದ್ದಲ್ಲವೆಂದು ಭಾವಿಸುವುದು ವಾಡಿಕೆ. ಆದರೆ ಮೊದಲ ತಲೆಮಾರಿನಲ್ಲಿ ಪದವಿಯ ಹೊಸ್ತಿಲು ದಾಟುವವರಿಗೆ ನಿಯಮದ ಭಾಷೆಯನ್ನು ಬಿಡಿಸಿ ಹೇಳುವವರು ಮನೆಯಲ್ಲಿರುವುದಿಲ್ಲ. ಅರ್ಜಿ, ಸುತ್ತೋಲೆ, ಅಧಿಸೂಚನೆಗಳ ಭಾಷೆಯನ್ನು ತಿಳಿಯಾಗಿಸುವುದು ಭಾಷೆಯನ್ನು ಕಲಿಸುವವರ ಕೆಲಸದ ಭಾಗವೇ ಆಗಿದೆ. ಆಡಳಿತ ಕನ್ನಡವನ್ನು ಘಟಕವಾಗಿ ಬೋಧಿಸುವ ವಿಭಾಗಗಳು ವಲಸೆ ಪ್ರಮಾಣಪತ್ರದ ಅರ್ಜಿಯನ್ನೇ ಪಾಠದ ಮಾದರಿಯಾಗಿ ಬಳಸಬಹುದು.

ಈ ಹಿನ್ನೆಲೆಯಲ್ಲಿ ಮೂರು ಕ್ರಮಗಳು ತುರ್ತಾಗಿ ಆಗಬೇಕಾಗಿದೆ. ರಾಜ್ಯದ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ಮಂಡಳಿಗಳು ಒಂದೆಡೆ ಕುಳಿತು, ಭಾಷಾ ಪತ್ರಿಕೆಗಳನ್ನು ಪರಸ್ಪರ ಒಪ್ಪಿಕೊಳ್ಳುವ ಸಮಾನತಾ ಪಟ್ಟಿಯನ್ನು ಸಿದ್ಧಪಡಿಸಬೇಕು. ಪಠ್ಯ ಬದಲಾದಾಗಲೆಲ್ಲ ಆ ಪಟ್ಟಿಯನ್ನೂ ಪರಿಷ್ಕರಿಸಬೇಕು. ಪಟ್ಟಿಯಲ್ಲಿಲ್ಲದ ಪ್ರಕರಣಗಳನ್ನು ನಿಗದಿತ ದಿನಗಳೊಳಗೆ ತೀರ್ಮಾನಿಸುವ ಅಧಿಕಾರವನ್ನು ಮಂಡಳಿಯ ಅಧ್ಯಕ್ಷರಿಗೆ ನೀಡಬೇಕು. ಇವುಗಳಿಗೆ ಹೊಸ ಶಾಸನವಾಗಲಿ ಅನುದಾನವಾಗಲಿ ಬೇಕಿಲ್ಲ. ಅಧ್ಯಾಪಕರ ಒಪ್ಪಿಗೆ ಸಾಕು. ಆ ಒಪ್ಪಿಗೆ ದೊರೆಯದಿದ್ದರೆ ವರ್ಗವಾಗಿ ಬರುವ ವಿದ್ಯಾರ್ಥಿಗೆ ಕನ್ನಡವು ಒಂದು ತಡೆಗೋಡೆಯಾಗಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಅದರ ಹೊಣೆಯನ್ನು ಯಾವ ಶಿಕ್ಷಣ ನೀತಿಯ ಮೇಲೂ ಹೊರಿಸಲು ಬರುವುದಿಲ್ಲ.